ವಂಶದ ವಹಿಯಲ್ಲಿ ತಪ್ಪು ತಿದ್ದುವವರು

ಕ್ಯಾನ್ಸರ್ ಎಂಬ ಹೆಸರನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಹೇಳುವ ರೂಢಿಯಿಲ್ಲ. ಗಡ್ಡೆ ಎನ್ನುತ್ತೇವೆ, ಹೊಟ್ಟೆಬೇನೆ ಎನ್ನುತ್ತೇವೆ, ಬಹಳವಾದರೆ 'ದೊಡ್ಡ ಬೇನೆ' ಎನ್ನುತ್ತೇವೆ. ಮನೆಯಲ್ಲಿ ಲಗ್ನಕ್ಕೆ ಬಂದ ಹೆಣ್ಣುಮಕ್ಕಳಿದ್ದರಂತೂ ಆ ಮಾತು ಪಡಸಾಲೆ ದಾಟಿ ಹೊರಗೆ ಹೋಗುವುದಿಲ್ಲ. ಬೀಗರ ಕಿವಿಗೆ ಬಿದ್ದೀತು ಎಂಬ ಅಂಜಿಕೆ. ಆದರೆ ಈ ರೋಗದ ಒಂದು ಪಾಲು ತಂದೆ-ತಾಯಿಯಿಂದ ಮಕ್ಕಳಿಗೆ ಇಳಿದು ಬರುವಂಥದು, ಅದು ಮೊದಲೇ ತಿಳಿದರೆ ಎಷ್ಟೋ ಸಲ ಜೀವ ಉಳಿಸಿಕೊಳ್ಳಬಹುದು ಎಂದು ವಿಜ್ಞಾನ ಈಗ ಖಚಿತವಾಗಿ ಹೇಳುತ್ತಿದೆ. ಹಾಗಿರುವಾಗ ಮುಚ್ಚಿಡುವುದರಿಂದ ಯಾರಿಗೆ ಲಾಭ, ಯಾರಿಗೆ ಹಾನಿ ಎಂಬುದನ್ನು ವ್ಯಾಪಾರಸ್ಥರಾದ ನಾವು ಒಮ್ಮೆ ಲೆಕ್ಕ ಹಾಕಿ ನೋಡಬೇಕಲ್ಲವೆ?

ನಾವು ಮ್ಯಾಟ್ರಿಕ್ ಓದಿ ಸೋಲಾಪುರದ ನವಿ ಪೇಠದಲ್ಲಿ ಅಂಗಡಿಯ ಗಾದಿಯ ಮೇಲೆ ಕುಳಿತವರು. ವಿಜ್ಞಾನ ನಮ್ಮ ದಂಧೆಯಲ್ಲ. ಆದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಗಣೇಶ್ ನಾಗರಾಜು ಎಂಬ ವಿಜ್ಞಾನಿಗಳು ನಡೆಸಿರುವ ಸಂಶೋಧನೆಯ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಮತ್ತೆ ಕೇಳಿ ಅರ್ಥಮಾಡಿಕೊಂಡಾಗ, ಇದು ವಹಿ ಬರೆದು ತಾಳೆ ನೋಡಿದವರಿಗೆ ಸುಲಭವಾಗಿ ತಿಳಿಯುವ ವಿಷಯವೆಂದು ಅನ್ನಿಸಿತು. ಆದ್ದರಿಂದ ನಮ್ಮ ಸಮಾಜ ಬಾಂಧವರಿಗೆ, ವಿಶೇಷವಾಗಿ ತಾಯಂದಿರಿಗೆ, ನಮ್ಮ ಭಾಷೆಯಲ್ಲಿಯೇ ಹೇಳುವ ಪ್ರಯತ್ನ ಮಾಡಿದ್ದೇವೆ.

ಜೀವಕೋಶದ ಖಾತೆವಹಿ

ನಮ್ಮ ಶರೀರ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಹೆಚ್ಚುಕಡಿಮೆ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ. ಬಿಚ್ಚಿ ಹಾಸಿದರೆ ಒಂದು ಕೋಶದ ಎಳೆಯೇ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಅದರಲ್ಲಿ ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ. ತಂದೆಯಿಂದ ಸುಮಾರು 300 ಕೋಟಿ ಅಕ್ಷರ, ತಾಯಿಯಿಂದ ಅಷ್ಟೇ ಅಕ್ಷರ. ಕಣ್ಣಿನ ಬಣ್ಣದಿಂದ ಹಿಡಿದು ರಕ್ತದ ಗುಂಪಿನವರೆಗೆ ಎಲ್ಲದರ ಹುಕುಮು ಈ ಬರಹದಲ್ಲಿದೆ. ಇದರ ಒಂದೊಂದು ಖಾತೆಗೆ ವಂಶವಾಹಿ ಅಥವಾ ಜೀನ್ ಎಂದು ಹೆಸರು. ಪ್ರತಿ ಖಾತೆಗೂ ಎರಡು ಪ್ರತಿ, ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು.

ಕೋಶ ಒಡೆದು ಎರಡಾಗುವಾಗ ಇಡೀ ವಹಿಯನ್ನು ನಕಲು ಮಾಡಬೇಕಾಗುತ್ತದೆ. ನಕಲಿನಲ್ಲಿ ತಪ್ಪು ಆಗುವುದು ಸಹಜ. ಅದಲ್ಲದೆ ಬಿಸಿಲು, ತಂಬಾಕಿನ ಹೊಗೆ, ವಿಕಿರಣ, ಶರೀರದೊಳಗಿನ ರಾಸಾಯನಿಕ ಕ್ರಿಯೆಗಳು ಇವೆಲ್ಲ ಸೇರಿ ಒಂದೊಂದು ಕೋಶದ ಡಿ.ಎನ್.ಎ.ಗೆ ದಿನಕ್ಕೆ ಸಾವಿರಾರು ಕಡೆ ಪೆಟ್ಟು ಮಾಡುತ್ತವೆ. ಹಾಗಿದ್ದೂ ನಾವು ಎಪ್ಪತ್ತು-ಎಂಬತ್ತು ವರ್ಷ ಬಾಳುತ್ತೇವೆ. ಕಾರಣ, ಕೋಶದೊಳಗೆ ಹಗಲು-ರಾತ್ರಿ ತಪ್ಪು ಹುಡುಕಿ ತಿದ್ದುವ ದಿವಾಣಜಿಗಳಿದ್ದಾರೆ. ಅವು ಪ್ರೋಟೀನುಗಳು. ಈ ತಿದ್ದುಪಡಿ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ತೊಮಾಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಡಿ.ಎನ್.ಎ. ಒಂದೇ ಎಳೆಯಲ್ಲ, ಜೋಡಿ ಎಳೆ. ಒಂದು ಎಳೆಯ ಮೇಲೆ ಪೆಟ್ಟಾದರೆ ಎದುರಿನ ಎಳೆಯನ್ನು ನೋಡಿ ತಿದ್ದಬಹುದು. ಎರಡೂ ಎಳೆ ಒಮ್ಮೆಗೇ ತುಂಡಾದರೆ ಅಪಾಯ. ವಹಿಯ ಹಾಳೆ ಅಡ್ಡಡ್ಡ ಹರಿದಂತೆ. ಆಗ ಎರಡು ಉಪಾಯ. ಹರಿದ ತುದಿಗಳನ್ನು ಹಾಗೆಯೇ ತಂದು ಅಂಟಿಸಿಬಿಡುವುದು ಒಂದು. ಕೆಲಸ ಬೇಗ ಆಗುತ್ತದೆ, ಆದರೆ ನಡುವಿನ ಒಂದೆರಡು ಅಂಕಿ ಹೋದರೂ ಹೋಗಬಹುದು. ಎರಡನೆಯದು, ಆಗತಾನೇ ನಕಲಾದ ಜೋಡಿ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು, ಸಾಲಿಗೆ ಸಾಲು ತಾಳೆ ನೋಡಿ ಹರಿದ ಭಾಗವನ್ನು ಹೊಸದಾಗಿ ಬರೆಯುವುದು. ಇದು ನಿಧಾನ, ಆದರೆ ಚೊಕ್ಕ. ಈ ಚೊಕ್ಕ ಕೆಲಸದ ಮುಖ್ಯ ದಿವಾಣಜಿಯ ಹೆಸರು ರ್‍ಯಾಡ್-51. ಅವನನ್ನು ಹರಿದ ಜಾಗಕ್ಕೆ ಕೈಹಿಡಿದು ತಂದು ಕೂಡಿಸುವವನು ಬಿ.ಆರ್.ಸಿ.ಎ.-2. ಇವರು ಸರಿಯಾಗಿ ಕೆಲಸ ಮಾಡದಿದ್ದರೆ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಖಾತೆಯೇ ಕೆಟ್ಟಾಗ ಆ ಕೋಶ ಅಂಕೆ ತಪ್ಪಿ ಬೆಳೆಯುತ್ತದೆ. ಅದೇ ಕ್ಯಾನ್ಸರ್.

ದರ್ಜಿ ಹೆಂಗಸಿನ ಮಾತು

ಕ್ಯಾನ್ಸರ್ ಮನೆತನದಲ್ಲಿ ಇಳಿದು ಬರಬಹುದು ಎಂಬುದಕ್ಕೆ ಒಂದು ದೊಡ್ಡ ಸುಳಿವು ಪ್ರಯೋಗಶಾಲೆಯಿಂದ ಬರಲಿಲ್ಲ, ಒಬ್ಬ ಹೆಂಗಸಿನ ಬಾಯಿಂದ ಬಂದಿತು. 1895ರಲ್ಲಿ ಅಮೇರಿಕೆಯ ಮಿಶಿಗನ್ನಿನಲ್ಲಿ ಡಾ. ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರಿಗೆ ಅವರ ಬಟ್ಟೆ ಹೊಲಿಯುವ ಹೆಂಗಸು, 'ನಮ್ಮ ಮನೆತನದಲ್ಲಿ ಎಲ್ಲರೂ ಈ ರೋಗದಿಂದಲೇ ಹೋಗುತ್ತಾರೆ, ನಾನೂ ಹಾಗೆಯೇ ಹೋಗುತ್ತೇನೆ' ಎಂಬ ಅರ್ಥದ ಮಾತು ಹೇಳಿದಳು. ಮುಂದೆ ಅವಳು ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ವೈದ್ಯರು ಅವಳ ಮಾತನ್ನು ಹಗುರಾಗಿ ತೆಗೆದುಕೊಳ್ಳದೆ ಇಡೀ ಮನೆತನದ ವಂಶಾವಳಿ ಬರೆದು 1913ರಲ್ಲಿ ಪ್ರಕಟಿಸಿದರು. ಆ ಕೆಲಸವನ್ನು ಡಾ. ಹೆನ್ರಿ ಲಿಂಚ್ 1960ರ ದಶಕದಲ್ಲಿ ಮುಂದುವರಿಸಿದರು. ಕೊನೆಗೆ 1993ರಲ್ಲಿ ತಿಳಿದುಬಂದದ್ದೇನೆಂದರೆ, ಇಂಥ ಮನೆತನಗಳಲ್ಲಿ ನಕಲಿನ ತಪ್ಪು ತಿದ್ದುವ ವಂಶವಾಹಿಯೇ ಕೆಟ್ಟಿರುತ್ತದೆ. ಇಂದು ಇದಕ್ಕೆ ಲಿಂಚ್ ರೋಗಲಕ್ಷಣ ಎನ್ನುತ್ತಾರೆ. ಇದರಲ್ಲಿ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಹೆಚ್ಚು.

ಸ್ತನದ ಕ್ಯಾನ್ಸರಿನ ಕಥೆಯೂ ಹೀಗೆಯೇ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ಮಹಿಳಾ ವಿಜ್ಞಾನಿ, ಹಲವು ಮನೆತನಗಳ ವಂಶಾವಳಿ ಮತ್ತು ರಕ್ತ ಪರೀಕ್ಷಿಸಿ, 17ನೆಯ ವರ್ಣತಂತುವಿನಲ್ಲಿ ಈ ದೋಷವಿದೆ ಎಂದು ತೋರಿಸಿದರು. 1994ರಲ್ಲಿ ಆ ಬಿ.ಆರ್.ಸಿ.ಎ.-1 ವಂಶವಾಹಿ ಕೈಗೆ ಸಿಕ್ಕಿತು, 1995ರಲ್ಲಿ ಬಿ.ಆರ್.ಸಿ.ಎ.-2 ಸಿಕ್ಕಿತು. ಅಮೇರಿಕೆಯ ಒಂದು ಕಂಪನಿ ಇವುಗಳ ಮೇಲೆ ಪೇಟೆಂಟ್ ಹಿಡಿದು ಪರೀಕ್ಷೆಗೆ ಭಾರೀ ದರ ಹಚ್ಚಿತ್ತು. ಪ್ರಕೃತಿಯಲ್ಲಿರುವ ವಂಶವಾಹಿಗೆ ಯಾರೂ ಒಡೆಯರಾಗಲಾರರು ಎಂದು ಅಲ್ಲಿಯ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪು ಕೊಟ್ಟಿತು. ಆ ಮೇಲೆ ಬೇರೆ ಪ್ರಯೋಗಶಾಲೆಗಳೂ ಇಳಿದು ದರ ತಗ್ಗಿತು. ಪೈಪೋಟಿಯಿಂದ ದರ ಇಳಿಯುವುದು ನಮ್ಮ ಪೇಟೆಗೆ ಹೊಸದಲ್ಲ.

ಬೆಂಗಳೂರಿನ ಕೆಲಸ

ಜಮ್‌ಶೇಟ್‌ಜಿ ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನದ ಭೂಮಿಯಿಂದ 1909ರಲ್ಲಿ ಹುಟ್ಟಿದ ಸಂಸ್ಥೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿಯ ಜೀವರಸಾಯನ ವಿಭಾಗ 1921ರದು. ಹರಿದ ಎಳೆಯನ್ನು ತಾಳೆ ನೋಡಿ ತಿದ್ದುವ ವಿದ್ಯೆಯಲ್ಲಿ ಈ ವಿಭಾಗ ಮೊದಲಿನಿಂದಲೂ ಹೆಸರಾದದ್ದು. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಮಾಡುವ ರೆಕ್-ಎ ಎಂಬ ಪ್ರೋಟೀನಿನ ಬಗ್ಗೆ ದುಡಿದ ಡಾ. ಕೆ. ಮುನಿಯಪ್ಪನವರಿಗೆ 1995ರ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕ ದೊರೆತಿತ್ತು.

ಡಾ. ಗಣೇಶ್ ನಾಗರಾಜು ಅದೇ ವಿಭಾಗದವರು. ಅಮೇರಿಕೆಯ ಹಾರ್ವರ್ಡಿನಲ್ಲಿದ್ದಾಗ ಅವರು ರ್‍ಯಾಡ್-51ರ ತಮ್ಮನಂತಿರುವ ರ್‍ಯಾಡ್-51-ಸಿ ಎಂಬ ಪ್ರೋಟೀನಿನ ಮೇಲೆ ಕೆಲಸ ಮಾಡಿ 2006ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ರ್‍ಯಾಡ್-51ಕ್ಕೆ ಇಂಥ ಐದು ಜನ ದಾಯಾದಿಗಳು. ಮುಖ್ಯ ದಿವಾಣಜಿಗೆ ಕೈಗೂಡಿಸುವ ಗುಮಾಸ್ತರೆಂದು ತಿಳಿಯಿರಿ. ಈ ಗುಮಾಸ್ತರು ನಿಜವಾಗಿ ಏನು ಮಾಡುತ್ತಾರೆ, ಅವರಲ್ಲಿ ಒಬ್ಬನು ಕೆಟ್ಟರೆ ಏನಾಗುತ್ತದೆ ಎಂಬುದು ಆಗ ಪೂರ್ತಿ ಗೊತ್ತಿರಲಿಲ್ಲ.

2010ರಲ್ಲಿ ವಿಷಯ ಗಂಭೀರವಾಯಿತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಮರುಕಳಿಸುವ ಜರ್ಮನಿಯ ಕೆಲವು ಮನೆತನಗಳಲ್ಲಿ ಬಿ.ಆರ್.ಸಿ.ಎ. ಎರಡೂ ಸರಿಯಿದ್ದು, ರ್‍ಯಾಡ್-51-ಸಿ ಕೆಟ್ಟಿರುವುದು ಕಂಡಿತು. ಅದೇ ವರ್ಷ, ರಕ್ತಸಂಬಂಧದಲ್ಲಿ ಮದುವೆಯಾದ ಒಂದು ಕುಟುಂಬದ ಮಕ್ಕಳಲ್ಲಿ ಇದರ ಎರಡೂ ಪ್ರತಿ ಕೆಟ್ಟು, ಫ್ಯಾಂಕೋನಿ ರಕ್ತಹೀನತೆಯಂಥ ರೋಗ ಬಂದಿದ್ದು ಪ್ರಕಟವಾಯಿತು. 1927ರಲ್ಲಿ ಸ್ವಿಸ್ ವೈದ್ಯ ಗುಯಿಡೊ ಫ್ಯಾಂಕೋನಿ ವರ್ಣಿಸಿದ ರೋಗವಿದು. ಸಾಮಾನ್ಯವಾಗಿ ಇದರಲ್ಲಿ ಮಕ್ಕಳ ಅಸ್ಥಿಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸುತ್ತದೆ. ಅಂದರೆ ಒಂದೇ ಖಾತೆ. ಒಂದು ಪ್ರತಿ ಕೆಟ್ಟಿದ್ದರೆ ದೊಡ್ಡವರಾದ ಮೇಲೆ ಕ್ಯಾನ್ಸರಿನ ಭಯ, ಎರಡೂ ಕೆಟ್ಟಿದ್ದರೆ ಎಳೆಯ ವಯಸ್ಸಿನಲ್ಲಿಯೇ ರಕ್ತದ ರೋಗ. ಸೋದರಿಕೆಯ ಮದುವೆ ರೂಢಿಯಲ್ಲಿರುವ ಮನೆತನಗಳು ಇದನ್ನು ಲಕ್ಷ್ಯದಲ್ಲಿಡಬೇಕು, ಏಕೆಂದರೆ ಅಣ್ಣ-ತಂಗಿಯ ಮಕ್ಕಳಿಗೆ ಒಂದೇ ಅಜ್ಜನಿಂದ ಒಂದೇ ದೋಷ ಬಂದಿರುವ ಸಂಭವ ಹೊರಗಿನವರಿಗಿಂತ ಹೆಚ್ಚು.

ಡಾ. ನಾಗರಾಜು ಅವರ ತಂಡ ರೋಗಿಗಳಲ್ಲಿ ಕಂಡ ಅವೇ ಕೆಟ್ಟ ಪ್ರತಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಇಟ್ಟು ಪರೀಕ್ಷಿಸಿತು. 2012ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ರ್‍ಯಾಡ್-51-ಸಿಗೆ ಒಂದೇ ಕೆಲಸವಲ್ಲ. ಹರಿದದ್ದನ್ನು ತಿದ್ದುವುದೂ ಅವನದೇ, 'ಪೆಟ್ಟಾಗಿದೆ, ನಕಲು ನಿಲ್ಲಿಸಿರಿ' ಎಂಬ ಸಂದೇಶ ಕೋಶಕ್ಕೆ ಮುಟ್ಟಿಸುವುದರಲ್ಲಿಯೂ ಅವನ ಕೈಯಿದೆ. 2015ರಲ್ಲಿ ಇನ್ನೊಂದು ಮಾತು ತೋರಿಸಿದರು. ನಕಲು ನಡೆಯುವಾಗ ಅಡ್ಡಿ ಬಂದು ನಡುವೆ ನಿಂತರೆ, ಅರ್ಧ ಬರೆದ ಹೊಸ ಎಳೆಯನ್ನು ಬೇರೆ ಕಿಣ್ವಗಳು ಕತ್ತರಿಸಿ ಹಾಕದಂತೆ ಈ ಐವರು ದಾಯಾದಿಗಳು ಕಾಯುತ್ತಾರೆ, ಮತ್ತು ನಕಲು ಪುನಃ ಸುರುವಾಗಲು ನೆರವಾಗುತ್ತಾರೆ. ಈ ಸಾಧನೆಗೆ ಅವರಿಗೆ 2018ರ ಭಟ್ನಾಗರ್ ಪಾರಿತೋಷಕ ಬಂದಿತು.

ವಿಜ್ಞಾನದಲ್ಲಿಯೂ ಲೆಕ್ಕತಪಾಸಣೆ ಕಟ್ಟುನಿಟ್ಟು. ಅದೇ ವಿಭಾಗದ ಡಾ. ಸತೀಶ್ ರಾಘವನ್ ಅವರ ತಂಡ, ಹರಿದ ತುದಿಗಳನ್ನು ಅಂಟಿಸುವ ಕ್ರಿಯೆಯನ್ನು ತಡೆಯುವ ಎಸ್.ಸಿ.ಆರ್.-7 ಎಂಬ ಪದಾರ್ಥವನ್ನು 2012ರಲ್ಲಿ ಪ್ರಕಟಿಸಿದಾಗ ಜಗತ್ತಿನ ಗಮನ ಇತ್ತ ಹರಿಯಿತು. 2016ರಲ್ಲಿ ಅಮೇರಿಕೆಯ ಒಂದು ತಂಡ ಪರೀಕ್ಷಿಸಿ, ಅದು ಅಷ್ಟು ಬಲವಾದದ್ದೂ ಅಲ್ಲ, ಆ ಒಂದನ್ನೇ ಗುರಿಯಿಟ್ಟು ತಡೆಯುವುದೂ ಇಲ್ಲ ಎಂದು ಆಕ್ಷೇಪಿಸಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡದೆ ಅಲ್ಲಿ ಯಾವುದೂ ಕಾಯಂ ಆಗುವುದಿಲ್ಲ. ಪತ್ರಿಕೆಯಲ್ಲಿ 'ಕ್ಯಾನ್ಸರಿಗೆ ಔಷಧ ಸಿಕ್ಕಿತು' ಎಂದು ಓದಿದ ಕೂಡಲೆ ಹಣ ಹಿಡಿದು ಓಡುವವರು ಇದನ್ನು ನೆನಪಿಡಬೇಕು.

ದೋಷವೇ ದಾರಿಯಾದದ್ದು

ತಿದ್ದುವ ಶಕ್ತಿ ಕಳೆದುಕೊಂಡ ಕ್ಯಾನ್ಸರ್ ಕೋಶ ಒಂದು ಕಾಲಿನ ಮೇಲೆ ನಿಂತಂತೆ. ಉಳಿದ ತಿದ್ದುಪಡಿಯ ದಾರಿಗಳ ಮೇಲೆಯೇ ಅದರ ಜೀವ ನಿಂತಿರುತ್ತದೆ. ಅದನ್ನೂ ತಡೆದರೆ ಆ ಕೋಶ ಬೀಳುತ್ತದೆ, ಎರಡೂ ಕಾಲು ಗಟ್ಟಿಯಿರುವ ಒಳ್ಳೆಯ ಕೋಶ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಬಿ.ಆರ್.ಸಿ.ಎ. ಕೆಟ್ಟ ಕೋಶಗಳಲ್ಲಿ ಪಾರ್ಪ್ ಎಂಬ ಕಿಣ್ವವನ್ನು ತಡೆದು ಇದನ್ನು ಬ್ರಿಟನ್ನಿನ ಎರಡು ತಂಡಗಳು 2005ರಲ್ಲಿ ತೋರಿಸಿದವು. ಓಲಾಪರಿಬ್ ಎಂಬ ಔಷಧಕ್ಕೆ 2014ರಲ್ಲಿ ಯುರೋಪ್ ಮತ್ತು ಅಮೇರಿಕೆಯಲ್ಲಿ ಮಂಜೂರಿ ಸಿಕ್ಕಿತು. ಈಗ ನಮ್ಮ ದೇಶದಲ್ಲಿಯೂ ದೊರೆಯುತ್ತದೆ.

ರ್‍ಯಾಡ್-51-ಸಿ ಕೆಟ್ಟ ಕೋಶಗಳೂ ಇದೇ ಔಷಧಕ್ಕೆ ಸೋಲುತ್ತವೆ ಎಂದು ಬೆಂಗಳೂರಿನ ತಂಡ 2015ರ ಇನ್ನೊಂದು ಪ್ರಬಂಧದಲ್ಲಿ ತೋರಿಸಿತು. ಕಾರಣವನ್ನೂ ಹೇಳಿತು. ಚೊಕ್ಕ ತಿದ್ದುಪಡಿ ನಡೆಯದೆ ಹೋದಾಗ ಆ ಕೋಶ ಕಂಡ ಕಂಡ ತುದಿಗಳನ್ನು ಅಂಟಿಸಲು ಹೋಗಿ ತನ್ನ ವರ್ಣತಂತುಗಳನ್ನೇ ಗೋಜಲು ಮಾಡಿಕೊಂಡು ಸಾಯುತ್ತದೆ. ಆದ್ದರಿಂದ ಇಂದು ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಆದವರಿಗೆ ವಂಶವಾಹಿಯ ಪರೀಕ್ಷೆ ಮಾಡಿಸಿರೆಂದು ವೈದ್ಯರು ಹೇಳಿದರೆ, ಅದು ಬರೀ ಕುತೂಹಲಕ್ಕಲ್ಲ. ಯಾವ ಔಷಧ ಹತ್ತುತ್ತದೆ ಎಂಬುದು ಅದರಿಂದ ತಿಳಿಯಬಹುದು.

ನಮ್ಮ ಮನೆಗಳ ಮಾತು

ಎಲ್ಲ ಕ್ಯಾನ್ಸರೂ ವಂಶದ್ದಲ್ಲ. ನೂರಕ್ಕೆ ಐದರಿಂದ ಹತ್ತು ಮಾತ್ರ ಹಾಗೆ ಬರುವಂಥವು. ಗರ್ಭಕೋಶದ ಕಂಠದ ಕ್ಯಾನ್ಸರಿಗೆ ಕಾರಣ ಎಚ್.ಪಿ.ವಿ. ಎಂಬ ವೈರಸ್. ನಮ್ಮ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಕೂಡಿ, ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳ 1,31,746 ಹೆಣ್ಣುಮಕ್ಕಳ ಮೇಲೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಗಿ ಜಗತ್ತಿಗೇ ದಾರಿ ತೋರಿಸಿತು. ಒಮ್ಮೆ ಎಚ್.ಪಿ.ವಿ. ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ರೋಗದ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಮೊದಲೇ ತಿಳಿದರೆ ಉಳಿಯಬಹುದು ಎಂಬುದಕ್ಕೆ ನಮ್ಮ ಮಗ್ಗುಲಲ್ಲಿಯೇ ಸಾಕ್ಷಿಯಿದೆ.

ಆದರೆ ಆ ಐದು-ಹತ್ತರಲ್ಲಿ ನಮ್ಮ ಮನೆ ಇದ್ದರೆ? ನಮ್ಮವರು ಮದ್ಯ-ಮಾಂಸ ಮುಟ್ಟುವವರಲ್ಲ, ರಾತ್ರಿ ಊಟವಿಲ್ಲ, ನಮಗೇಕೆ ಈ ರೋಗ ಎನ್ನುವವರುಂಟು. ಸಾತ್ವಿಕ ಆಹಾರ ಶರೀರಕ್ಕೆ ಹಿತವೇ ಸರಿ. ಆದರೆ ಹುಟ್ಟುವಾಗಲೇ ಬಂದ ಪ್ರತಿಯ ದೋಷವನ್ನು ಆಹಾರ ತಿದ್ದಲಾರದು. ಬಿ.ಆರ್.ಸಿ.ಎ.-1 ಕೆಟ್ಟಿರುವ ಹೆಂಗಸರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 72 ಮಂದಿಗೆ ಸ್ತನದ, 44 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವವೆಂದು 2017ರ ಅಧ್ಯಯನ ಲೆಕ್ಕ ಹಾಕಿದೆ. ರ್‍ಯಾಡ್-51-ಸಿಯಲ್ಲಿ ಈ ಸಂಖ್ಯೆ ಕಡಿಮೆ, ಸ್ತನಕ್ಕೆ ಸುಮಾರು 21, ಅಂಡಾಶಯಕ್ಕೆ ಸುಮಾರು 11.

ಇನ್ನೊಂದು ತಪ್ಪು ತಿಳಿವಳಿಕೆ, ಇದು ಹೆಂಗಸರ ಕಡೆಯಿಂದಲೇ ಬರುತ್ತದೆ ಎಂಬುದು. ಹಾಗಲ್ಲ. ತಂದೆಯಿಂದಲೂ ಅಷ್ಟೇ ಬರುತ್ತದೆ. ಕೆಟ್ಟ ಪ್ರತಿಯಿರುವ ತಂದೆಯಾಗಲಿ ತಾಯಿಯಾಗಲಿ, ಒಂದೊಂದು ಮಗುವಿಗೆ ಅದು ಇಳಿಯುವ ಸಂಭವ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಗಂಡಸು ತಾನು ನಿರೋಗಿಯಾಗಿದ್ದೂ ಮಗಳಿಗೆ ದಾಟಿಸಬಹುದು. ಬಿ.ಆರ್.ಸಿ.ಎ.-2 ಕೆಟ್ಟಿದ್ದರೆ ಗಂಡಸರಿಗೂ ಪ್ರಾಸ್ಟೇಟ್ ಗ್ರಂಥಿಯ, ಅಪರೂಪಕ್ಕೆ ಸ್ತನದ ಕ್ಯಾನ್ಸರ್ ಬರುತ್ತದೆ.

ನಮ್ಮ ಪರಿಚಯದ ಒಂದು ಮನೆತನದ ಸಂಗತಿ ಹೇಳುತ್ತೇವೆ. ಹೆಸರು ಬೇಡ. ಮೂವರು ಅಕ್ಕತಂಗಿಯರು, ಮೂರು ಊರಿಗೆ ಕೊಟ್ಟದ್ದು. ಹಿರಿಯವರು ನಲವತ್ನಾಲ್ಕಕ್ಕೆ 'ಹೊಟ್ಟೆಬೇನೆ'ಯಿಂದ ತೀರಿಕೊಂಡರು. ಎರಡನೆಯವರಿಗೆ ಸ್ತನದಲ್ಲಿ ಗಂಟು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ವೈದ್ಯರು ಕೇಳಿದಾಗ, ಅಕ್ಕನದು ಅಂಡಾಶಯದ ಕ್ಯಾನ್ಸರ್ ಆಗಿತ್ತೆಂದು, ಸೋದರತ್ತೆಗೂ ಹಾಗೆಯೇ ಆಗಿತ್ತೆಂದು ಮೊದಲ ಸಲ ಹೊರಬಿತ್ತು. ಪರೀಕ್ಷೆಯಲ್ಲಿ ದೋಷ ಕಂಡಿತು. ಮೂರನೆಯವರೂ ಪರೀಕ್ಷೆ ಮಾಡಿಸಿಕೊಂಡರು, ದೋಷವಿತ್ತು, ರೋಗ ಇರಲಿಲ್ಲ. ಮಕ್ಕಳಾಗಿದ್ದವು, ವೈದ್ಯರ ಸಲಹೆಯಂತೆ ಅಂಡಾಶಯ ತೆಗೆಸಿಕೊಂಡರು, ವರ್ಷವರ್ಷ ಸ್ತನದ ತಪಾಸಣೆಗೆ ಹೋಗುತ್ತಾರೆ, ಚೆನ್ನಾಗಿದ್ದಾರೆ. ಇವರಿಗೆ ಒಬ್ಬ ಅಣ್ಣನಿದ್ದಾರೆ, ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಅವರ ಲಗ್ನವಾಗುವ ತನಕ ಪರೀಕ್ಷೆಯ ಮಾತು ಬೇಡವೆಂದು ಅಣ್ಣ ಕುಳಿತಿದ್ದಾರೆ. ಅವರ ಅಂಜಿಕೆ ನಮಗೆ ತಿಳಿಯುತ್ತದೆ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ. ಅವರಿಗೆ ನಮ್ಮ ವಿನಂತಿಯಿಷ್ಟೆ: ಒಳ್ಳೆಯ ಸಂಬಂಧ ಹುಡುಕುವುದು ತಂದೆಯ ಕರ್ತವ್ಯ, ಮಗಳು ಆ ಮನೆಯಲ್ಲಿ ಬಹುಕಾಲ ಬಾಳುವಂತೆ ನೋಡುವುದೂ ತಂದೆಯ ಕರ್ತವ್ಯವೇ.

ಬೀಗರಾಗುವವರಿಗೂ ಒಂದು ಮಾತು. ಯಾವ ಮನೆಯ ವಹಿಯೂ ನಿರ್ದೋಷವಲ್ಲ. ಒಂದಲ್ಲ ಒಂದು ಕೆಟ್ಟ ಪ್ರತಿ ಎಲ್ಲರಲ್ಲಿಯೂ ಇರುತ್ತದೆ. ಹೇಳಿದ ಮನೆಯನ್ನು ಬಿಟ್ಟು ಮುಚ್ಚಿಟ್ಟ ಮನೆಯನ್ನು ಆರಿಸಿಕೊಂಡರೆ ಯಾವ ಜಾಣತನ?

ಇದು ಪೂರ್ವಕರ್ಮ, ನಾವೇನು ಮಾಡಲಾದೀತು ಎನ್ನುವ ಹಿರಿಯರಿದ್ದಾರೆ. ಅಸಾತಾ ವೇದನೀಯದ ಉದಯವಿರಬಹುದು. ಆದರೆ ನಮ್ಮ ಧರ್ಮ ಪುರುಷಾರ್ಥವನ್ನು ಬೇಡವೆಂದಿಲ್ಲ. ಔಷಧದಾನವನ್ನು ನಾಲ್ಕು ದಾನಗಳಲ್ಲಿ ಎಣಿಸಿದೆ. ತಿಳಿದದ್ದನ್ನು ಅಡಗಿಸಿಡುವುದು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಅದು ಶಾಸ್ತ್ರಜ್ಞಾನದ ವಿಷಯವಾದರೂ, ಜೀವ ಉಳಿಸುವ ತಿಳಿವಳಿಕೆಗೂ ಅನ್ವಯಿಸಿಕೊಂಡರೆ ತಪ್ಪಾಗದು.

ಏನು ಮಾಡಬೇಕು?

ದೀಪಾವಳಿಗೆ ನಾವು ಹೊಸ ವಹಿಗೆ ಪೂಜೆ ಮಾಡುತ್ತೇವೆ. ಆ ದಿನ ಮನೆಮಂದಿ ಕೂಡಿದಾಗ ಒಂದು ಬೇರೆ ಹಾಳೆಯ ಮೇಲೆ ಮನೆತನದ ರೋಗಗಳ ಲೆಕ್ಕ ಬರೆಯಿರಿ. ತಂದೆಯ ಕಡೆ, ತಾಯಿಯ ಕಡೆ, ಮೂರು ತಲೆಮಾರು. ಯಾರಿಗೆ, ಯಾವ ಅಂಗಕ್ಕೆ, ಎಷ್ಟನೆಯ ವಯಸ್ಸಿಗೆ ಕ್ಯಾನ್ಸರ್ ಬಂದಿತ್ತು ಎಂಬ ಮೂರು ಅಂಕಣ ಸಾಕು. ಅಜ್ಜಿಯಂದಿರಿಗೆ ಎಲ್ಲ ಗೊತ್ತಿರುತ್ತದೆ, ಅವರು ಇರುವಾಗಲೇ ಕೇಳಿಕೊಳ್ಳಿರಿ. ಲಗ್ನವಾಗಿ ಹೋದ ಹೆಣ್ಣುಮಕ್ಕಳಿಗೆ ಒಂದೊಂದು ಪ್ರತಿ ಕಳಿಸಿರಿ.

ಐವತ್ತು ವರ್ಷದೊಳಗೆ ಸ್ತನ, ದೊಡ್ಡ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದವರು, ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್ ಬಂದವರು, ಸ್ತನದ ಕ್ಯಾನ್ಸರ್ ಆದ ಗಂಡಸರು, ಅಥವಾ ಒಂದೇ ಕಡೆಯ ಇಬ್ಬರು-ಮೂವರು ಹತ್ತಿರದ ಸಂಬಂಧಿಕರು ಆ ಹಾಳೆಯಲ್ಲಿದ್ದರೆ ಅದನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಿರಿ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದಂಥ ದೊಡ್ಡ ಆಸ್ಪತ್ರೆಗಳಲ್ಲಿ ಮನೆತನದ ಕ್ಯಾನ್ಸರಿಗೆಂದೇ ಸಲಹಾ ವಿಭಾಗವಿದೆ. ಸಲಹೆ ಮೊದಲು, ಪರೀಕ್ಷೆ ಆಮೇಲೆ. ಸಾಧ್ಯವಿದ್ದರೆ ರೋಗ ಬಂದವರ ರಕ್ತವನ್ನೇ ಮೊದಲು ಪರೀಕ್ಷಿಸುತ್ತಾರೆ. ಅದರಲ್ಲಿ ದೋಷ ಸಿಕ್ಕರೆ ಉಳಿದವರಿಗೆ ಆ ಒಂದನ್ನೇ ನೋಡಿದರೆ ಸಾಕು, ಖರ್ಚೂ ಕಡಿಮೆ. ದೊಡ್ಡ ವಯಸ್ಸಿನಲ್ಲಿ ಬರುವ ಈ ರೋಗಗಳಿಗಾಗಿ ಸಣ್ಣ ಮಕ್ಕಳ ಪರೀಕ್ಷೆ ಮಾಡಿಸುವುದಿಲ್ಲ. ಕೆಲವೊಮ್ಮೆ 'ಬದಲಾವಣೆಯಿದೆ, ಅರ್ಥ ತಿಳಿಯದು' ಎಂಬ ವರದಿ ಬರುತ್ತದೆ. ಅದನ್ನು ಅನಾಮತ್ತು ಖಾತೆಯಲ್ಲಿಟ್ಟಂತೆ ತಿಳಿಯಿರಿ. ಅದರ ಆಧಾರದ ಮೇಲೆ ಶಸ್ತ್ರಚಿಕಿತ್ಸೆಗೆ ಅವಸರ ಮಾಡಬಾರದು.

ನಮ್ಮ ಟ್ರಸ್ಟುಗಳು ಔಷಧದಾನದ ಹಣದಲ್ಲಿ ಒಂದು ಪಾಲನ್ನು ಇಂಥ ಸಲಹೆ ಮತ್ತು ಪರೀಕ್ಷೆಗೆ, ಬಡ ಕುಟುಂಬಗಳ ಮುಂಬಯಿ-ಬೆಂಗಳೂರಿನ ಹೋಗಿಬರುವ ಖರ್ಚಿಗೆ ತೆಗೆದಿಡಬೇಕೆಂದು ನಮ್ಮ ಸೂಚನೆ. ಸೋಲಾಪುರ, ಅಕ್ಕಲಕೋಟೆಯ ಬಾಂಧವರು ಮುಂದಿನ ಸಭೆಯಲ್ಲಿ ಇದನ್ನು ವಿಚಾರಕ್ಕೆ ತರಬೇಕು. ಹೆಸರು ಗುಪ್ತವಾಗಿಡುವ ಜವಾಬ್ದಾರಿಯನ್ನು ಟ್ರಸ್ಟಿನವರೇ ಹೊರಬೇಕು. ಹಾಳೆ ಬರೆಯುವ ಕೆಲಸಕ್ಕಂತೂ ಯಾರ ಸಹಾಯವೂ ಬೇಡ, ಈ ದೀಪಾವಳಿಗೇ ಆಗಬಹುದು.

ಜೈ ಜಿನೇಂದ್ರ.